ಚರಂಡಿಯ ಕೊನೆ ಎಲ್ಲಿ?

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಬ್ಬದಂಥ ದಿನ ಕೊಳಚೆ ನೀರಿನ ಮಾತೇ ಎಂದು ನಿಮಗೆ ಅನ್ನಿಸಬಹುದು. ಆದರೆ ಕೆ.ಆರ್. ಪುರದ ಆಚೆಗಿನ ನಮ್ಮಂಥ ಊರುಗಳಿಗೆ ಇದು ತುರ್ತಿನ ವಿಷಯ. ಬೀದಿಬೀದಿಗೂ ಕಾಂಕ್ರೀಟ್ ಚರಂಡಿ ಬೇಕೆಂದು ಎಲ್ಲರೂ ಕೇಳುತ್ತಿದ್ದೇವೆ. ಆ ಚರಂಡಿಯ ಕೊನೆ ಎಲ್ಲಿ ಎಂದು ಮಾತ್ರ ಯಾರೂ ಕೇಳುತ್ತಿಲ್ಲ. ಊರಿನ ಇಳಿಜಾರು ಯಾವ ಕಡೆಗೆ ಎಂಬುದು ನಮಗೆಲ್ಲ ಗೊತ್ತು. ಕೆರೆಯ ಕಡೆಗೆ.

ನಾನು ನೀರಿನ ತಜ್ಞನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಈ ಶಾಲೆಯಲ್ಲಿ ಕಲಿತ ಗಣಿತದಲ್ಲೇ ಒಂದು ಲೆಕ್ಕ ಹೇಳುತ್ತೇನೆ. ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನಲ್ಲಿ ನೀರು. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಸುಮಾರು ಶೇ. 80ರಷ್ಟು, ಅಂದರೆ 220 ಲೀಟರ್, ಬಳಸಿದ ನೀರಾಗಿ ಹೊರಬರುತ್ತದೆ. 200 ಮನೆಗಳ ಊರಾದರೆ ದಿನಕ್ಕೆ 44,000 ಲೀಟರ್! ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಗಿಡಕ್ಕೇ ಮುಗಿಯುತ್ತಿತ್ತು. ಈಗ ನಲ್ಲಿ ಬಂತು, ಹಿತ್ತಲು ಹೋಯಿತು.

ನಗರದಲ್ಲಿ ಏನಾಯಿತು ನೋಡಿ. ಹಲಸೂರು ಕೆರೆಯ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ದಾರಿಯುದ್ದಕ್ಕೂ ಚರಂಡಿಗಳು ಸೇರಿಕೊಂಡವು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2016ರಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಮುಗಿಸಿಬಿಟ್ಟರೆ ಮೀನು ಬದುಕುವುದು ಹೇಗೆ?

ಹಾಗಾದರೆ ನಮಗೂ ದೊಡ್ಡ ಶುದ್ಧೀಕರಣ ಘಟಕ ಬೇಕೇ? ಅಲ್ಲಿ ಕೆಲಸ ಮಾಡುವುದೂ ಅದೇ ಸೂಕ್ಷ್ಮಜೀವಿಗಳು. ಮೋಟಾರಿನಿಂದ ಗಾಳಿ ಊದಿ ಅವುಗಳ ಕೆಲಸ ಚುರುಕು ಮಾಡುತ್ತಾರೆ, ಅಷ್ಟೇ. ಕರೆಂಟ್ ಹೋದರೆ, ನೋಡಿಕೊಳ್ಳುವವರು ಇಲ್ಲದಿದ್ದರೆ ಘಟಕ ಕೆಡುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆ ತಲುಪಿತು. ಮರುತಿಂಗಳೇ ನೊರೆ ಕಂಡು ನೀರು ನಿಲ್ಲಿಸಬೇಕಾಯಿತು. ಆಮೇಲೆ ಮತ್ತೆ ಹರಿಯಿತು, ಒಣಗಿದ ಕೆರೆಗಳು ತುಂಬಿದವು. ಬಳಸಿದ ನೀರೂ ಸಂಪತ್ತೇ. ಆದರೆ ದಿನವೂ ಕಾಯುವವರು ಬೇಕು.

ನಮ್ಮೂರಿಗೆ ಸುಲಭದ ದಾರಿ ಇದೆ. ಮನೆಮನೆಯಲ್ಲೂ ಸ್ವಲ್ಪಸ್ವಲ್ಪವೇ ಕೊಟ್ಟರೆ ಆ ಕೆಲಸವನ್ನು ಮಣ್ಣೇ ಮಾಡುತ್ತದೆ. ಮೊದಲ ನಿಯಮ, ಬಚ್ಚಲು ಮತ್ತು ಅಡುಗೆಮನೆ ನೀರನ್ನು ಶೌಚಾಲಯದ ನೀರಿನ ಜೊತೆ ಬೆರೆಸಬಾರದು. ಬಚ್ಚಲ ನೀರಿಗೆ ಬಚ್ಚಲು ಗುಂಡಿ ಸಾಕು. ಉದ್ಯೋಗ ಖಾತರಿಯಲ್ಲಿ ರಾಜ್ಯದ ಎಷ್ಟೋ ಹಳ್ಳಿಗಳು ಇದನ್ನು ಮಾಡಿಕೊಂಡಿವೆ. ಮುಸುರೆಯ ಅಗುಳು, ಜಿಡ್ಡು ಗುಂಡಿಗೆ ಇಳಿಯದಂತೆ ಮುಂದೆ ಒಂದು ಸಣ್ಣ ತೊಟ್ಟಿ ಇಟ್ಟು ಆಗಾಗ ತೊಳೆಯಬೇಕು.

ಶೌಚಾಲಯಕ್ಕೆ ಎರಡು ಗುಂಡಿ ಇರಲಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿರುವುದು ಗೊಬ್ಬರವಾಗುತ್ತದೆ. ಗುಂಡಿಗಳು ಬಾವಿ, ಬೋರ್‌ವೆಲ್‌ಗಳಿಂದ ದೂರವಿರಬೇಕು. ಸೆಪ್ಟಿಕ್ ಟ್ಯಾಂಕ್ ಇರುವವರು ಅದರ ಪೈಪನ್ನು ಚರಂಡಿಗೆ ಬಿಡಬೇಡಿ. ಅದು ತುಂಬಿದಾಗ ಯಂತ್ರದಿಂದಲೇ ಖಾಲಿ ಮಾಡಿಸಿ. ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ, ಅದಕ್ಕಿಂತ ಮೊದಲು ಅದು ಪಾಪ. ಲಾರಿಯವರು ಆ ಮಲವನ್ನು ರಾತ್ರೋರಾತ್ರಿ ಯಾರದೋ ಹೊಲಕ್ಕೆ, ಕಾಲುವೆಗೆ ಸುರಿಯಬಾರದು. ದೇವನಹಳ್ಳಿಯಲ್ಲಿ 2015ರಿಂದ ಇದಕ್ಕೆಂದೇ ಒಂದು ಘಟಕವಿದೆ. ಅಲ್ಲಿ ಮಲವನ್ನು ಕೊಳೆಯಿಸಿ, ಒಣಗಿಸಿ, ಊರಿನ ಹಸಿ ಕಸದೊಂದಿಗೆ ಗೊಬ್ಬರ ಮಾಡುತ್ತಾರೆ. ನಾಲ್ಕಾರು ಪಂಚಾಯಿತಿಗಳು ಸೇರಿದರೆ ನಮ್ಮ ಕಡೆಯೂ ಅಂಥದ್ದನ್ನು ಕೇಳಬಹುದು.

ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿಯ ನಕ್ಷೆ ಕೇಳಿ, ಅದರ ಕೊನೆಯ ಮೇಲೆ ಬೆರಳಿಟ್ಟು ಪ್ರಶ್ನಿಸಿ. ಚರಂಡಿಯಲ್ಲಿ ಮಳೆನೀರು ಮಾತ್ರ ಹರಿಯಲಿ. ಹಿತ್ತಲಿಲ್ಲದ ಮನೆಗಳಿಗೆ ನಾಲ್ಕೈದು ಮನೆಗೊಂದರಂತೆ ಗುಂಡಿಗೆ ಪಂಚಾಯಿತಿ ಜಾಗ ಕೊಡಲಿ. ಲೇಔಟುಗಳು ಬಂದು ಕೆರೆ ಕೆಟ್ಟ ಮೇಲೆ ಸರಿಮಾಡಲು ಕೋಟಿಗಳೂ ಸಾಲವು.

ಹಳೆಯ ವಿದ್ಯಾರ್ಥಿಗಳು ಶಾಲೆಯಿಂದಲೇ ಶುರುಮಾಡೋಣ. ಬಿಸಿಯೂಟದ ತಟ್ಟೆ ತೊಳೆದ ನೀರು ಇನ್ನು ಮುಂದೆ ಶಾಲೆಯ ತೋಟದ ಗಿಡಗಳಿಗೆ ಹೋಗಲಿ. ಅದರ ಖರ್ಚು ನಮ್ಮ ಬ್ಯಾಚಿನದು. ನೋಡಿಕೊಳ್ಳುವ ಜವಾಬ್ದಾರಿ ಒಂಬತ್ತನೇ ತರಗತಿಯ ಮಕ್ಕಳದು.