ಹಗೇವಿನ ಜೋಳ, ಮಡಕೆಯ ಬೀಜ



ಕೆಲಸ ಮುಗಿಸಿ, ರೊಟ್ಟಿ ಬಡಿದಿಟ್ಟು ಬಂದೀರಿ. ಆ ರೊಟ್ಟಿಯ ಮಾತೇ ಇವತ್ತು ಆಡೋಣ. ಇವತ್ತಿನ ರೊಟ್ಟಿಯ ಜೋಳ ಎಲ್ಲಿಂದ ಬಂತು? ನಿಮ್ಮ ಹೊಲದಿಂದಲೋ? ಸಂತೆಯಿಂದಲೋ?

ಮೊದಲು ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೀತಿದ್ದರು. ಅದಕ್ಕೆ ಕಾಲುವೆ ನೀರು ಬೇಡ. ನೆಲದ ಹಸಿಯೇ ಸಾಕು. ಕಾಳು ಮನೆಗೆ, ಕಣಿಕೆ ದನಕ್ಕೆ. ನಡುವೆ ಅಕ್ಕಡಿ ಸಾಲು. ಅದರಲ್ಲಿ ಕಡಲೆ, ಕುಸುಬಿ, ಅಗಸಿ. ಒಂದೇ ಹೊಲದಲ್ಲಿ ರೊಟ್ಟಿ, ಬ್ಯಾಳಿ, ಎಣ್ಣೆ, ಚಟ್ನಿ! ಕಡಲೆ ಕುಡಿ ಚಿವುಟಿದರೆ ಪಲ್ಯವೂ ಆಯಿತು.

ಜೋಳ ಇಡಲು ಹಗೇವು ಇತ್ತು. ಹಗೇವು ಅಂದರೆ ನೆಲದಲ್ಲಿ ತೋಡಿದ ಆಳದ ಗುಂಡಿ. ಒಳಗೆ ಹುಲ್ಲು ಹಾಸಿ ಜೋಳ ತುಂಬುತ್ತಿದ್ದರು. ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡೂದಿಲ್ಲ, ಹುಳ ಬದುಕೂದಿಲ್ಲ. ಜೋಳ ವರ್ಷಗಟ್ಟಲೆ ಉಳೀತಿತ್ತು. ತೆರೆದ ಕೂಡಲೇ ಯಾರೂ ಇಳೀತಿರಲಿಲ್ಲ. ಮೊದಲು ದೀಪ ಇಳಿಬಿಡತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ತಿಳೀತಿತ್ತು.

ಹಾಗಾದರೆ ಹಿಂದಿನ ಕಾಲವೇ ಚಂದ ಇತ್ತೇನು? ನಾನು ಹಾಗೆ ಹೇಳೂದಿಲ್ಲ. 1876ರಿಂದ 1878ರವರೆಗೆ ದೊಡ್ಡ ಬರ ಬಿತ್ತು. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯಲ್ಲಿ ಜನ ಹಸಿವಿನಿಂದ ಸತ್ತರು. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಯವರ ಮನೆಗೆ ಹಗೇವು ಎಲ್ಲಿಂದ ಬರಬೇಕು?

ಮುಂದೆ ಹಿಡಕಲ್ಲಿನಲ್ಲಿ ಘಟಪ್ರಭಾ ಹೊಳೆಗೆ ಅಣೆಕಟ್ಟು ಆಯಿತು. ನಮ್ಮ ಸೀಮೆಗೆ ಕಾಲುವೆ ಬಂತು. ಕಾಲುವೆಯ ಹಿಂದೆ ಕಬ್ಬು ಬಂತು. ರೊಕ್ಕ ಬಂತು, ಸುಳ್ಳಲ್ಲ. ಆದರೆ ಕಬ್ಬು ವರ್ಷಪೂರ್ತಿ ಹೊಲ ಹಿಡೀತದ. ಜೋಳಕ್ಕೆ ಜಾಗ ಎಲ್ಲಿ? ಇನ್ನೊಂದು ಮಾತು. ಜೋಳದ ಚೀಲ ಮನೆಯಲ್ಲಿದ್ದಾಗ ಅಳೆದು ತೆಗೆಯುವವಳು ಹೆಣ್ಣುಮಗಳು. ಕಬ್ಬಿನ ಬಿಲ್ಲು ಯಾರ ಖಾತೆಗೆ ಜಮಾ ಆಗತದ? ನೀವೇ ಹೇಳ್ರಿ.

ಈಗ ರೇಶನ್ ಕಾರ್ಡಿನ ಮಾತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಅದರ ಪ್ರಕಾರ 18 ವರ್ಷ ತುಂಬಿದ, ಮನೆಯ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ. ಮನೆಗೆ ಹೋಗಿ ಕಾರ್ಡು ತೆಗೆಯಿರಿ. ಮೊದಲ ಹೆಸರು ಯಾರದು? ನೀವೇ ಓದಿ ನೋಡಿರಿ. ರೇಶನ್‌ನಲ್ಲಿ ಹೆಚ್ಚಾಗಿ ಬರೂದು ಅಕ್ಕಿ. ಸರಕಾರ ಜೋಳವನ್ನೂ ಕೊಟ್ಟದ್ದುಂಟು. ನಮಗೆ ಜೋಳ ಬೇಕು ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಅರ್ಜಿ ಬರೆಯಲು ಈಗ ನಿಮಗೇ ಬರತದ!

ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಸುದ್ದಿ ಕೇಳೀರೇನು? ಅಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಅಂತ ಹೆಣ್ಣುಮಕ್ಕಳ ಸಂಘ ಇದೆ. ಅವರು ನವಣಿ, ಸಾವಿಯಂಥ ಸಿರಿಧಾನ್ಯದ ಬೀಜ ಕೂಡಿಟ್ಟು ರೈತರಿಗೆ ಹಂಚಿದರು. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅವರೂ ನಮ್ಮಂಥ ಹಳ್ಳಿಯವರೇ.

ಕಬ್ಬು ಕಿತ್ತು ಒಗೆಯಿರಿ ಅಂತ ನಾನು ಹೇಳೂದಿಲ್ಲ. ಸಾಲ ಇದ್ದವರಿಗೆ ಅದು ಆಗದ ಮಾತು. ಒಂದು ಮಗ್ಗುಲಲ್ಲಿ ನಾಲ್ಕು ಗುಂಟೆ ಜೋಳ ಕೇಳಿರಿ. ಹೊಲ ಇಲ್ಲದವರು ಹಿತ್ತಲಲ್ಲಿ ಪುಂಡಿ, ರಾಜಗಿರಿ, ಅವರೆ ಹಾಕಿರಿ. ಬೀಜ ಮಾತ್ರ ಕೊಳ್ಳಬೇಡಿ, ಇಟ್ಟುಕೊಳ್ಳಿರಿ. ಹೈಬ್ರಿಡ್ ಬೀಜ ಇಡಲು ಬರೂದಿಲ್ಲ, ಮರುವರ್ಷ ಬೆಳೆ ಒಂದೇ ಸಮ ಬರೂದಿಲ್ಲ. ಜವಾರಿ ಬೀಜವೇ ಬೇಕು. ತುಂಬಿದ ತೆನೆ ಆರಿಸಿ, ಚೆನ್ನಾಗಿ ಒಣಗಿಸಿ. ಬೂದಿ, ಒಣ ಬೇವಿನ ಎಲೆ ಕೂಡಿಸಿ ಮಡಕೆಗೆ ಹಾಕಿ. ಬಾಯಿ ಕಟ್ಟಿ, ಮಣ್ಣು ಮೆತ್ತಿ.

ಬರೋ ವಾರ ಬರುವಾಗ ಒಬ್ಬೊಬ್ಬರು ಒಂದು ಹಿಡಿ ಬೀಜ ತನ್ನಿರಿ. ಚೀಟಿಯ ಮೇಲೆ ಬೀಜದ ಹೆಸರು, ನಿಮ್ಮ ಹೆಸರು ಬರೆದು ತನ್ನಿರಿ.