ಮನೆಮಾತಾಗಲಿ ಶಾಲೋಮ್: ಪಾಸ್ಖ ಹಬ್ಬದ ಪ್ರಬೋಧನೆ



ತಪಸ್ಸುಕಾಲದುದ್ದಕ್ಕೂ ನಮ್ಮ ದೇವಾಲಯಗಳಲ್ಲಿ ಮೌನವಾಗಿದ್ದ ಒಂದು ಪದ ಪಾಸ್ಖ ಜಾಗರಣೆಯ ರಾತ್ರಿ ಮತ್ತೆ ಮೊಳಗಿದೆ: ಅಲ್ಲೆಲೂಯ! ಇದು ಹಿಬ್ರೂ ಮಾತು. ಸರ್ವೇಶ್ವರನನ್ನು ಸ್ತುತಿಸಿರಿ ಎಂದು ಇದರ ಅರ್ಥ. ಆಮೆನ್, ಹೊಸಾನ್ನ ಕೂಡ ಹಿಬ್ರೂವಿನಿಂದಲೇ ಬಂದವು. ಹಿಬ್ರೂ ಕಲಿಯದ ನಾವೂ ಬಾಲ್ಯದಿಂದ ಒಂದಿಷ್ಟು ಹಿಬ್ರೂ ಆಡುತ್ತಲೇ ಬಂದಿದ್ದೇವೆ.

ನಮ್ಮ ಕರಾವಳಿಯಿಂದ ಇಸ್ರಯೇಲಿಗೆ ಹೋಗಿ ವೃದ್ಧರ, ರೋಗಿಗಳ ಆರೈಕೆ ಮಾಡುತ್ತಿರುವವರು ಇನ್ನೂ ಕೆಲವು ಪದಗಳನ್ನು ಕಲಿಯುತ್ತಾರೆ. ಬೆಳಿಗ್ಗೆ 'ಬೋಕೆರ್ ತೋವ್', ಅಂದರೆ ಶುಭೋದಯ. ಉಪಕಾರ ಮಾಡಿದವರಿಗೆ 'ತೋದಾ'. ತಪ್ಪಾದರೆ 'ಸ್ಲಿಖಾ'. ಬಂದಾಗಲೂ ಹೋಗುವಾಗಲೂ 'ಶಾಲೋಮ್'. ಹಾಸಿಗೆ ಹಿಡಿದ ಅಜ್ಜಿಯ ಪಕ್ಕದಲ್ಲಿ ಕುಳಿತು ಕಲಿಯುವ ಈ ಮಾತುಗಳ ಬೇರು ಪವಿತ್ರ ಗ್ರಂಥದಲ್ಲಿದೆ.

ಸುಮಾರು 1,700 ವರ್ಷಗಳ ಕಾಲ ಹಿಬ್ರೂ ದಿನಬಳಕೆಯ ಮಾತಾಗಿರಲಿಲ್ಲ. ಯೆಹೂದ್ಯರ ಪ್ರಾರ್ಥನೆಯಲ್ಲಿ, ಅಧ್ಯಯನದಲ್ಲಿ, ಬರವಣಿಗೆಯಲ್ಲಿ ಅದು ಉಳಿದಿತ್ತು. 1881ರಲ್ಲಿ ಜೆರುಸಲೇಮಿಗೆ ಬಂದು ನೆಲೆಸಿದ ಎಲಿಯೆಜೆರ್ ಬೆನ್-ಯೆಹೂದಾ ಮತ್ತು ಅವರ ಪತ್ನಿ ದೆವೋರಾ ತಮ್ಮ ಮನೆಯಲ್ಲಿ ಹಿಬ್ರೂವನ್ನೇ ಆಡಲು ನಿರ್ಧರಿಸಿದರು. 1882ರಲ್ಲಿ ಹುಟ್ಟಿದ ಅವರ ಮಗ ಅದನ್ನೇ ಕೇಳುತ್ತಾ ಬೆಳೆದನು. ಮುಂದೆ ಶಾಲೆಗಳೂ ಶಿಕ್ಷಕರೂ ಅದನ್ನು ನಾಡಿಗೆಲ್ಲ ಹಬ್ಬಿಸಿದರು. ಪ್ರಾರ್ಥನೆಯ ಮಾತು ಅಡುಗೆಮನೆಗೆ ಬಂದಾಗ ಆಡುಭಾಷೆಯಾಯಿತು. ನಮ್ಮ ಪ್ರಾರ್ಥನೆಯ ಮಾತುಗಳು ನಮ್ಮ ಅಡುಗೆಮನೆಯನ್ನು ತಲುಪಿವೆಯೇ?

'ಹೇಗಿದ್ದೀರಿ' ಎಂದು ಕೇಳಲು ಅಲ್ಲಿ ಗಂಡಸರಿಗೆ 'ಮಾ ಶ್ಲೋಮ್‌ಖಾ', ಹೆಂಗಸರಿಗೆ 'ಮಾ ಶ್ಲೋಮೇಖ್' ಎನ್ನುತ್ತಾರೆ. ನಿನ್ನ ಶಾಲೋಮ್ ಹೇಗಿದೆ ಎಂದು ಅದರ ಭಾವ. ಶಾಲೋಮ್ ಎಂದರೆ ಜಗಳವಿಲ್ಲದಿರುವುದಷ್ಟೇ ಅಲ್ಲ. ಬಿರುಕಿಲ್ಲದ, ಕೊರತೆಯಿಲ್ಲದ ಪೂರ್ಣತೆ. ಅಂಗಡಿಯಲ್ಲಿ ಹಣ ಕೊಡುವುದಕ್ಕೆ 'ಲೆಶಲೇಮ್' ಎನ್ನುತ್ತಾರೆ. ಅದೂ ಇದೇ ಧಾತುವಿನ ಪದ. ತೀರಿಸದ ಬಾಕಿ ಇರುವಲ್ಲಿ ಶಾಲೋಮ್ ಪೂರ್ಣವಾಗದು.

ಆದಿಕಾಂಡದ 37ನೇ ಅಧ್ಯಾಯದಲ್ಲಿ ಅಸೂಯೆಪಟ್ಟ ಅಣ್ಣಂದಿರಿಗೆ ಜೋಸೆಫನೊಡನೆ ಶಾಲೋಮಿನಿಂದ ಮಾತಾಡಲು ಆಗಲಿಲ್ಲ. ಕೊನೆಗೆ ಅವನನ್ನು ಮಾರಿಬಿಟ್ಟರು. 43ನೇ ಅಧ್ಯಾಯದಲ್ಲಿ ಅವರೇ ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದು ನಿಂತಾಗ, ಅವರ ಶಾಲೋಮನ್ನು ವಿಚಾರಿಸಿದವನು ಅದೇ ಜೋಸೆಫ!

ಪಾಸ್ಖದ ಸಂಜೆ ನಡೆದದ್ದೂ ಇದೇ. ಕದ ಮುಚ್ಚಿಕೊಂಡು ಕುಳಿತಿದ್ದವರು ಪ್ರಭುವನ್ನು ಬಿಟ್ಟು ಓಡಿಹೋಗಿದ್ದವರು. ಪೇತ್ರನಂತೂ ಅವರನ್ನು ಅರಿಯೆನೆಂದಿದ್ದನು. ಅವರ ನಡುವೆ ಬಂದು ನಿಂತ ಪ್ರಭು ಲೆಕ್ಕ ಕೇಳಲಿಲ್ಲ. ಶಾಂತಿಯನ್ನು ಹಾರೈಸಿ ತಮ್ಮ ಗಾಯಗಳನ್ನು ತೋರಿಸಿದರು. ನೋಯಿಸಿದವರಲ್ಲ, ನೊಂದವರೇ ಮೊದಲು ಮಾತಾಡಿದರು. ಬಾಕಿಯನ್ನು ತಾವೇ ಶಿಲುಬೆಯ ಮೇಲೆ ತೀರಿಸಿದ್ದರು.

ಇನ್ನು 'ಸ್ಲಿಖಾ', ಅಂದರೆ ಕ್ಷಮೆ. ಹಿಬ್ರೂ ಬೈಬಲಿನಲ್ಲಿ ಈ ಧಾತುವಿನ ಕ್ರಿಯಾಪದ ಬರುವಲ್ಲೆಲ್ಲ ಕ್ಷಮಿಸುವವರು ದೇವರೇ. ಅದೇ ಪದವನ್ನು ಇಂದು ಅಲ್ಲಿ ಬಸ್ಸಿನಲ್ಲಿ ದಾರಿ ಕೇಳುವಾಗಲೂ ಹೇಳುತ್ತಾರೆ. ಪುನರುತ್ಥಾನದ ಸಂಜೆಯೇ ಪ್ರಭು ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಪ್ರೇಷಿತರಿಗೆ ಕೊಟ್ಟರು. ಹೀಗೆ ದೇವರ ಕ್ಷಮೆ ಮಾನವರ ಬಾಯಿಂದ ಕೇಳಿಬರುವಂತಾಯಿತು. ಆದರೆ ಜಮೀನಿನ ಪಾಲಿಗಾಗಿ ಮಾತುಬಿಟ್ಟ ಅಣ್ಣತಮ್ಮಂದಿರು, ಹಬ್ಬದೂಟಕ್ಕೂ ಒಂದೇ ಮನೆಗೆ ಬಾರದ ಅತ್ತೆ ಸೊಸೆಯರು ನಮ್ಮ ನಡುವೆ ಇಲ್ಲವೇ? ಪೂಜೆಯಲ್ಲಿ ಶಾಂತಿ ಹಂಚುವಾಗ ನಮ್ಮ ಕಣ್ಣು ಯಾರನ್ನು ತಪ್ಪಿಸುತ್ತದೆ?

'ತೋದಾ' ಎಂಬುದು ಯಾಜಕಕಾಂಡದ 7ನೇ ಅಧ್ಯಾಯದಲ್ಲಿ ರೊಟ್ಟಿಗಳೊಡನೆ ಅರ್ಪಿಸುವ ಕೃತಜ್ಞತಾ ಬಲಿಯ ಹೆಸರು. ನಮ್ಮ ಬಲಿಪೂಜೆಯೂ ಕೃತಜ್ಞತೆಯ ಬಲಿಯೇ. ರಾಜಿಯಾಗದ ಮನಸ್ಸಿನಿಂದ ಅದನ್ನು ಅರ್ಪಿಸುವುದೆಂತು?

2023ರ ಅಕ್ಟೋಬರ್ 7ರ ದಾಳಿ, ಅದರ ಬೆನ್ನಿಗೆ ಗಾಜಾದಲ್ಲಿ ನಡೆದ ಯುದ್ಧ ಪ್ರಭು ನಡೆದಾಡಿದ ನಾಡಿನಲ್ಲಿ ಎಣಿಸಲಾಗದಷ್ಟು ಕಣ್ಣೀರು ತಂದವು. ಅಲ್ಲಿರುವ ಮಗಳ ಫೋನಿಗಾಗಿ ಇಲ್ಲಿ ತಾಯಂದಿರು ಕಾದರು. ಆ ನಾಡಿನ ಎಲ್ಲ ಜನರ ಶಾಲೋಮಿಗಾಗಿ ಪ್ರಾರ್ಥಿಸೋಣ. ಜೊತೆಗೆ, ನಮ್ಮ ಕೈಯಳತೆಯಲ್ಲಿರುವ ಶಾಲೋಮನ್ನು ಇಂದೇ ಮಾಡೋಣ. ತಪ್ಪು ಯಾರದೇ ಇರಲಿ, ಊಟಕ್ಕೆ ಕೂರುವ ಮೊದಲು ಆ ಮನೆಯ ಕದ ತಟ್ಟೋಣ.

ಪುನರುತ್ಥಾನಿ ಕ್ರಿಸ್ತರ ಶಾಂತಿ ನಮ್ಮೆಲ್ಲರ ಮನೆಮಾತಾಗಲಿ. ಆಮೆನ್. ಅಲ್ಲೆಲೂಯ!