ಎಷ್ಟು ಜೋರಂದ್ರ ಜೋರು?

ಅಪಘಾತದ ಕೇಸಿನಲ್ಲಿ ಕಟಕಟೆ ಹತ್ತಿದ ನಮ್ಮ ಗದಗ ಸೀಮೆಯ ಸಾಕ್ಷಿದಾರ ಬಾಯಿಬಿಟ್ಟರೆ ಹೆಚ್ಚಾಗಿ ಬರುವುದು ಒಂದೇ ಮಾತು: "ಗಾಡಿ ಭಾಳ ಜೋರ ಬಂತ್ರೀ." ರೋಣವಿರಲಿ, ನರಗುಂದವಿರಲಿ, ಗಜೇಂದ್ರಗಡವಿರಲಿ, ಚಾಲಕನಿಗೆ ಶಿಕ್ಷೆಯಾದ ಮೇಲೆ ಅಪೀಲಿನಲ್ಲಿ ವಕೀಲರು ಹಿಡಿದು ಜಗ್ಗುವುದೂ ಇದೇ ಮಾತನ್ನು.

ಕಾನೂನು ಮೋಟಾರಿಗಿಂತ ಹಳೆಯದು. ನಿರ್ಲಕ್ಷ್ಯದಿಂದ ಸಾವು ತಂದರೆ ಶಿಕ್ಷೆ ಎಂದು, ದಂಡ ಸಂಹಿತೆಯ ಕರಡು ಮಾಡಿದ ಮೆಕಾಲೆ 1837ರಲ್ಲೇ ಬರೆದಿದ್ದ. 1860ರ ದಂಡ ಸಂಹಿತೆಯಲ್ಲಿ ಅದು ಬಿಟ್ಟುಹೋಗಿ, 1870ರಲ್ಲಿ 304-ಎ ಕಲಮಾಗಿ ಸೇರಿತು. ಹೆಚ್ಚೆಂದರೆ ಎರಡು ವರ್ಷ ಸಜೆ. ಆಗ ನಮ್ಮ ಎರೆಹೊಲದ ದಾರಿಯಲ್ಲಿ ಓಡುತ್ತಿದ್ದುದು ಚಕ್ಕಡಿ. ಅದೇ ಕಲಮು ಮುಂದೆ ಬಸ್ಸು, ಲಾರಿ, ಟ್ರ್ಯಾಕ್ಟರುಗಳನ್ನೆಲ್ಲ ಹೊತ್ತುಕೊಂಡು 2024ರ ಜೂನ್ ತನಕ ನಡೆಯಿತು. ಈಗ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು. ಸಜೆ ಐದು ವರ್ಷದವರೆಗೆ.

ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು. ಅಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗುತ್ತಾರೆ. ಅಲ್ಲೂ ಸೋತರೆ ಹೈಕೋರ್ಟಿನಲ್ಲಿ ರಿವಿಜನ್. ಗದಗ ಜಿಲ್ಲೆಯಾದದ್ದು 1997ರಲ್ಲಿ. ಆದರೂ ಆಗಿನ್ನೂ ಹೈಕೋರ್ಟೆಂದರೆ ಬೆಂಗಳೂರೇ ಆಗಿತ್ತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ನರಗುಂದದವರು ಈಗ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಮುಟ್ಟಬಹುದು. ಬಡ ಕಕ್ಷಿದಾರನಿಗೆ ಎಷ್ಟೋ ತಿದ್ದುಪಡಿಗಿಂತ ಇದು ದೊಡ್ಡದು ಅಂತ ನನ್ನ ಎಣಿಕೆ.

ಜೋರಿನ ಮಾತಿಗೆ ಬರೋಣ. 1982ರ ನವೆಂಬರಿನಲ್ಲಿ ಲಾರಿಯೊಂದು ಮಗುಚಿ 15 ಜನ ಸತ್ತರು. ಕೆಳಗಿನ ಎರಡೂ ಕೋರ್ಟುಗಳು ಚಾಲಕನನ್ನು ತಪ್ಪಿತಸ್ಥನೆಂದವು. ನಮ್ಮ ಹೈಕೋರ್ಟು ಬಿಡುಗಡೆ ಮಾಡಿತು. ರಾಜ್ಯ ಸರ್ಕಾರ ದಿಲ್ಲಿಗೆ ಹೋಯಿತು. 1998ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆಯನ್ನೇ ಎತ್ತಿಹಿಡಿಯಿತು. ಜೋರು ಎಂದರೆ ಎಷ್ಟು ಜೋರು, ಯಾವ ಸಾಕ್ಷಿಯೂ ಹೇಳಿರಲಿಲ್ಲ. ಬರೀ ವೇಗದಿಂದ ನಿರ್ಲಕ್ಷ್ಯ ಸಾಬೀತಾಗದು ಎಂದಿತು ಕೋರ್ಟು. 15 ಹೆಣ ಕಂಡವರಿಗೆ ಇದು ಹೇಗೆ ಕೇಳಿಸಿರಬೇಡ! ಆದರೂ ತರ್ಕ ಸರಿಯೇ. ತಪ್ಪು ಸಾಬೀತಾದವನ ಮಾತು ಬೇರೆ: ಅಂಥವರು ಸಲೀಸಾಗಿ ಪಾರಾಗಬಾರದೆಂದು ಅದೇ ಕೋರ್ಟು 2002ರಲ್ಲಿ, ಕರ್ನಾಟಕದ್ದೇ ಇನ್ನೊಂದು ಕೇಸಿನಲ್ಲಿ ಎಚ್ಚರಿಸಿತು.

ಹಾಗಾಗಿ ಅಪೀಲಿನಲ್ಲಿ ಮೊದಲು ಬಿಚ್ಚುವುದು ಪೊಲೀಸರು ಅಪಘಾತದ ಜಾಗದಲ್ಲಿ ಬರೆದ ಪಂಚನಾಮೆಯ ನಕಾಶೆ. ರಸ್ತೆ ಎಷ್ಟು ಅಗಲ, ಗಾಡಿ ಯಾವ ಮಗ್ಗುಲಿಗಿತ್ತು, ಟೈರು ತಿಕ್ಕಿದ ಗುರುತು ಎಷ್ಟು ಉದ್ದ? ಅಳತೆಪಟ್ಟಿ ಹಿಡಿಯದೆ ಅಂದಾಜಿನಲ್ಲಿ ಗೆರೆ ಎಳೆದಿದ್ದರೆ ಕೇಸು ಅಲ್ಲೇ ಸಡಿಲ.

ಅಂದಹಾಗೆ, ಚಾಲಕ ಬಿಡುಗಡೆಯಾದನೆಂದು ಸತ್ತವರ ಮನೆಯವರು ಕೈಚೆಲ್ಲಬೇಕಿಲ್ಲ. ಪರಿಹಾರದ ಅರ್ಜಿ ಬೇರೆ ನ್ಯಾಯಮಂಡಳಿಯದು. ಅಲ್ಲಿ ಸಾಕ್ಷ್ಯ ತೂಗುವ ತಕ್ಕಡಿಯೂ ಬೇರೆ.